ಮರೆಗಿಡು

ಚಹಾ ತರಲು ಹುಡುಗನನ್ನು ಕೆಳಗೆ ಕಳಿಸಿ,
ಮೆತ್ತೆಯ ಮೇಲೆ ಒಂದು ಮೊಳ ಹತ್ತಿರ ಸರಿದು
ಅಂಬಾಸಾ ನನ್ನ ಕಿವಿಯಲ್ಲಿ ಹೇಳಿದ್ದು ಹತ್ತೇ ಅಕ್ಷರ:
ಮನೆಯ ಬಾಗಿಲು ತೆರೆದಿಡು.

ನಗರ್ತಪೇಟೆಯ ಆ ಅಂಗಡಿಯಲ್ಲಿ ಅವರ ಅಜ್ಜನ ಕಾಲದಿಂದ
ಸೀರೆಯ ಅಸಲು ಬೆಲೆ ಬರೆಯುವುದು ಹೀಗೆ.
ಮ ಅಂದರೆ ಒಂದು, ನೆ ಎರಡು, ಕೊನೆಯ ಡು ಸೊನ್ನೆ.
ಗಿರಾಕಿಯ ಕಣ್ಣೆದುರೇ ಚೀಟಿ ತೂಗುತ್ತದೆ,
ಗಿರಾಕಿಗೆ ಅದು ಯಾವುದೋ ಊರಿನ ಹೆಸರು.
"ಮೊಬೈಲಿಗೆ ಹಾಕಮ್ಮ. ಆದರೆ ಗೋಡೆಗೂ ಗೊತ್ತಾಗಬಾರದು."

ಹಾಕಿದೆ. ಮೂರು ತಿಂಗಳು ಕೂತು ಬರೆದೆ.
ಸೆರಗು, ಅಂಚು, ಕುಚ್ಚು, ಕಡಬಾಕಿ:
ಒಂದೊಂದು ಕೆಲಸಕ್ಕೂ ಕರೆದರೆ ಓಗೊಡುವಂಥ ಹೆಸರಿಟ್ಟೆ.
ಕಂಪೈಲ್ ಆದಮೇಲೆ ಎಲ್ಲ ಯಂತ್ರದ ಹೊಟ್ಟೆ ಸೇರಿತು,
ಇನ್ನು ಯಾರಿಗೆ ಕಾಣುತ್ತೆ ಅಂದುಕೊಂಡೆ.

ಎಸ್.ಪಿ. ರೋಡಿನಲ್ಲಿ ಮೊಬೈಲ್ ರಿಪೇರಿ ಮಾಡುವ ಡೆಲ್ಲಿಬಾಬು
ಕಡಲೆಕಾಯಿ ಬಿಡಿಸುತ್ತಲೇ ಅದನ್ನೂ ಬಿಡಿಸಿದ.
ಸಿಪ್ಪೆ ಒಂದು ಕಡೆ, ಬೀಜ ಒಂದು ಕಡೆ.
"ಅಕ್ಕಾ, ಒಳಗೆ ಇದೇನು, ಮನೆಯ ಬಾಗಿಲು ತೆರೆದಿಡು?
ಹಾಡಾ?"
ಹಾಡೇ ಅಂದೆ. ಕಿವಿ ಸುಡುತ್ತಿತ್ತು.
ಸೆರಗು, ಅಂಚು, ಕುಚ್ಚು ಎಲ್ಲ ಅವನ ಪರದೆಯ ಮೇಲೆ
ತಲೆ ಬಾಚದೆ ಬೀದಿಗೆ ಬಂದ ಮಕ್ಕಳ ಹಾಗೆ ನಿಂತಿದ್ದವು.

ಆ ರಾತ್ರಿ ಕಬ್ಬನ್‌ಪೇಟೆಯ ರೂಮಿನಲ್ಲಿ,
ಕೆಳಗಿನ ಮಗ್ಗದ ಸದ್ದೂ ನಿಂತಮೇಲೆ,
ಹೆಸರುಗಳನ್ನು ಒಂದೊಂದಾಗಿ ಅಳಿಸಲು ಕೊಟ್ಟೆ.
ಸೆರಗು ಎ ಆಯಿತು. ಅಂಚು ಬಿ.
ಕುಚ್ಚು ಎಎ, ಕಡಬಾಕಿ ಎಬಿ.
ಎಲ್ಲಿಗೂ ಹೋಗದ ಓಣಿ ತೋಡಿದೆ,
ಎಂದೂ ನಿಜವಾಗದ ಷರತ್ತಿನ ಹಿಂದೆ ಸುಳ್ಳು ಲೆಕ್ಕ ಕೂರಿಸಿದೆ,
ಚಿಕ್ಕಪೇಟೆಗೆ ಹೊಸದಾಗಿ ಬಂದವನು ತಿರುಗಿ ತಿರುಗಿ
ಅದೇ ಬಳೆ ಅಂಗಡಿಯ ಮುಂದೆ ಬಂದು ನಿಲ್ಲುವ ಹಾಗೆ.
ಹತ್ತು ಅಕ್ಷರವನ್ನು ಗೂಢಲಿಪಿಯಲ್ಲಿ ಅದ್ದಿ ತೆಗೆದೆ.
ಕೀಲಿಯನ್ನು ನಾಲ್ಕು ತುಂಡು ಮಾಡಿ
ಒಂದನ್ನು ತೆರಿಗೆಯ ಪಟ್ಟಿಯಲ್ಲಿ,
ಒಂದನ್ನು ಅಂಗಡಿಯ ಗುರುತಿನ ನವಿಲಿನ ಬಣ್ಣದಲ್ಲಿ ಸಿಕ್ಕಿಸಿದೆ.
ಉಳಿದೆರಡು ಎಲ್ಲಿ ಅಂತ ಇಲ್ಲಿ ಬರೆಯುವುದಿಲ್ಲ.

ಆದರೂ ಗೊತ್ತಿತ್ತು.
ಬೀರು ಎಷ್ಟೇ ಗಟ್ಟಿಯಿರಲಿ, ಗಿರಾಕಿ ಬಂದು ಕೂತಮೇಲೆ
ಸೀರೆಯ ಮಡಿಕೆ ಬಿಚ್ಚಲೇಬೇಕು.
ಓಡುವ ಆ ಕ್ಷಣಕ್ಕೆ ಹತ್ತೂ ಅಕ್ಷರ
ಮೆಮೊರಿಯ ಜಮಖಾನದ ಮೇಲೆ ಬರಿಮೈಯಲ್ಲಿ ಬಿದ್ದಿರುತ್ತವೆ.
ಬೀಗ ಹಾಕಿದ್ದೇನೋ ನಿಜ, ಕೀಲಿಯೂ ಅದೇ ಮನೆಯಲ್ಲಿ.
ನಾನು ಕೊಳ್ಳುತ್ತಿದ್ದದ್ದು ಬರೀ ಹೊತ್ತು.

ಡೆಲ್ಲಿಬಾಬು ಕೈಗೆ ಮತ್ತೆ ಕೊಟ್ಟೆ, ಬಿಡಿಸು ನೋಡೋಣ ಅಂತ.
ಹತ್ತೊಂಬತ್ತನೇ ದಿನ ಫೋನು:
"ಸಿಕ್ತು ಅಕ್ಕಾ. ನವಿಲಿನ ಕತ್ತಲ್ಲಿ ಇಟ್ಟಿದ್ರಲ್ಲ, ಥೂ!"
ದನಿಯಲ್ಲಿ ಬೈಗುಳವಿತ್ತು, ಮೆಚ್ಚುಗೆಯೂ.
ಹತ್ತೊಂಬತ್ತು ದಿನ.
ಕಡಲೆಕಾಯಿ ಎಷ್ಟು ಸೇರು ಖಾಲಿಯಾಯಿತೋ.

ದೀಪಾವಳಿಯ ಹಿಂದಿನ ಸಂಜೆ, ಅಂಗಡಿ ತುಂಬಿದಾಗ, ಆ್ಯಪ್ ಬಿದ್ದುಹೋಯಿತು.
ವರದಿ ಬಂತು: ಎಎಯಲ್ಲಿ ಬಿ ಸಿಗಲಿಲ್ಲ.
ನಾನೇ ಹೆತ್ತದ್ದು, ನನಗೇ ಗುರುತಿಲ್ಲ.
ಹಳೆ ಹೆಸರಿಗೆ ಹೊಸ ಹೆಸರು ಜೋಡಿಸಿದ ಪಟ್ಟಿ
ಪೆನ್‌ಡ್ರೈವಿನಲ್ಲಿ, ಪೆನ್‌ಡ್ರೈವು ಸಾಸಿವೆ ಡಬ್ಬಿಯಲ್ಲಿ.
ಅಂಟಿದ ಕಾಳು ಸಮೇತ ಲ್ಯಾಪ್‌ಟಾಪಿಗೆ ಚುಚ್ಚಿ
ಕುಚ್ಚೇ, ಅಂಚನ್ನು ಎಲ್ಲಿ ಬಿಟ್ಟೆಯೇ ಅಂತ ಕೇಳಿದೆ.

ಹಬ್ಬ ಕಳೆದು ನನಗೂ ಒಂದು ಸೀರೆ ಬೇಕಾಯಿತು.
ಬದನೆ ಬಣ್ಣ, ಗಿಳಿಹಸಿರು ಅಂಚು.
ಚೀಟಿಯಲ್ಲಿ ಅಂಬಾಸಾ ಅವರ ದುಂಡಕ್ಷರ: ಮರೆಗಿಡು.
"ನಿಮಗೆ ಅಂತ ಎರಡು ಸಾವಿರದ ಆರುನೂರು.
ದೇವರಾಣೆ, ಇದರಲ್ಲಿ ಅಸಲೇ ಹುಟ್ಟಿಲ್ಲ."
ದುಪಟ್ಟಾದ ಅಡಿಯಲ್ಲಿ ನನ್ನ ಹೆಬ್ಬೆರಳು
ಗೆಣ್ಣಿಂದ ಗೆಣ್ಣಿಗೆ ನಾಲ್ಕು ಸಲ ಹಾರಿತು.
ಅವರು ನನ್ನ ಮುಖ ನೋಡಿದರು.
ನಾನು ಸೀರೆ ನೋಡಿದೆ.

"ಐವತ್ತು ಬಿಡಿ" ಅಂದೆ.
ಬಿಟ್ಟರು.